ಎರಡು ಗಂಡಿಗಳ ನಡುವಿನ ಸಂಡೂರು

ಸಂಡೂರು ಎಂಬ ಹೆಸರು ಕಿವಿಗೆ ಬಿದ್ದೊಡನೆ ಹೊರಗಿನ ಹೆಚ್ಚಿನವರ ಕಣ್ಣಮುಂದೆ ನಿಲ್ಲುವುದು ಅದಿರಿನ ಲಾರಿ ಮತ್ತು ಕೆಂಪು ಧೂಳು. ಅದು ಸುಳ್ಳೇನೂ ಅಲ್ಲ. ಆದರೆ ಅಷ್ಟನ್ನೇ ಹೇಳಿ ನಿಲ್ಲಿಸಿದರೆ ಈ ಸೀಮೆಗೆ ಅನ್ಯಾಯವಾಗುತ್ತದೆ. ಬಳ್ಳಾರಿ ಜಿಲ್ಲೆಯ ಈ ಪುಟ್ಟ ತಾಲ್ಲೂಕು ಎರಡು ಶತಮಾನಗಳಿಗೂ ಹೆಚ್ಚು ಕಾಲ, ನಡುವೆ ಕೆಲವು ವರ್ಷ ಬಿಟ್ಟರೆ, ತನ್ನದೇ ಅರಸೊತ್ತಿಗೆಯ ಕೆಳಗಿದ್ದ ಸಂಸ್ಥಾನವಾಗಿತ್ತು. ಸಾವಿರ ವರ್ಷಕ್ಕೂ ಹಿಂದಿನ ದೇವಾಲಯಗಳು ಇಲ್ಲಿವೆ, ಜಗತ್ತಿನ ಬಹಳ ಹಳೆಯ ಶಿಲೆಗಳಲ್ಲಿ ಕೆಲವು ಇಲ್ಲಿವೆ, ಬೇರೆಲ್ಲೂ ಇದೇ ರೂಪದಲ್ಲಿ ಕಾಣದ ಕಸೂತಿ ಇಲ್ಲಿದೆ. ಇವೆಲ್ಲವನ್ನೂ ಒಂದಕ್ಕೊಂದು ಜೋಡಿಸುವ ಎಳೆ ಬೆಟ್ಟ. ಆದ್ದರಿಂದ ಸಂಡೂರಿನ ಕಥೆಯನ್ನು ಅರಮನೆಯಿಂದಲೋ ಕಚೇರಿಯಿಂದಲೋ ಆರಂಭಿಸದೆ ಬೆಟ್ಟದಿಂದ ಆರಂಭಿಸಬೇಕು ಎಂಬುದು ನನ್ನ ನಿಲುವು. ಗಣಿಬಾಧಿತ ಪ್ರದೇಶಗಳ ಪುನಶ್ಚೇತನದ ಹಣವನ್ನು ಯಾವುದಕ್ಕೆ ಮೊದಲು ಖರ್ಚು ಮಾಡಬೇಕೆಂದು ಈ ಸಭೆಯಲ್ಲಿರುವ ಯುವಕರು ಕೇಳುತ್ತಿರುವ ಪ್ರಶ್ನೆಗೂ ಉತ್ತರ ಅಲ್ಲಿಂದಲೇ ಸಿಗುತ್ತದೆ.

ಮೊದಲು ನೆಲದ ಆಕಾರವನ್ನು ಮನಸ್ಸಿನಲ್ಲಿ ಮೂಡಿಸಿಕೊಳ್ಳಿ. ವಾಯವ್ಯದಿಂದ ಆಗ್ನೇಯಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಚಾಚಿಕೊಂಡಿರುವ ಎರಡು ಬೆಟ್ಟಸಾಲುಗಳು. ಅವುಗಳ ನಡುವೆ ಉದ್ದವಾದ ಕಣಿವೆ. ಆ ಕಣಿವೆಯಲ್ಲಿ ಊರು, ಹೊಲ, ಕೆರೆ. ಸುತ್ತಲಿನ ಬಳ್ಳಾರಿ, ಕೂಡ್ಲಿಗಿಗಳ ಬಯಲಿನಿಂದ ನೋಡುವವರಿಗೆ ಹೊರಮೈಯ ಬೆಟ್ಟವಷ್ಟೇ ಕಾಣುತ್ತದೆಯೇ ಹೊರತು ಒಳಗೊಂದು ಹಸಿರು ಕಣಿವೆಯಿದೆ ಎಂಬುದು ತಿಳಿಯುವುದಿಲ್ಲ. ಕಣಿವೆಯ ನೀರೆಲ್ಲವನ್ನೂ ಬಳಿದುಕೊಂಡು ಹೋಗುವುದು ನಾರಿಹಳ್ಳ. ಬೆಟ್ಟಸಾಲು ಸೀಳಿ ದಾರಿ ಬಿಟ್ಟಿರುವ ಜಾಗಗಳನ್ನು ಇಲ್ಲಿನವರು ಗಂಡಿ ಎನ್ನುತ್ತಾರೆ. ಪಶ್ಚಿಮಕ್ಕೆ ಓಬಳಗಂಡಿ, ಪೂರ್ವಕ್ಕೆ ಭೀಮಗಂಡಿ. ಎರಡೂ ಕಡೆ ಬಂಡೆ ಗೋಡೆಯಂತೆ ನಿಂತಿದ್ದು, ನಡುವೆ ಹಳ್ಳ ಮತ್ತು ದಾರಿಗೆ ಮಾತ್ರ ಎಡೆಯಿದೆ. ಈ ಎರಡು ಬಾಯಿಗಳನ್ನು ಕಾಯ್ದುಕೊಂಡವನು ಇಡೀ ಸೀಮೆಯನ್ನು ಕಾಯ್ದುಕೊಂಡಂತೆ. ಮುಂದೆ ಚರಿತ್ರೆಗೆ ಬಂದಾಗ ಈ ಮಾತನ್ನು ಮತ್ತೆ ನೆನೆಯಬೇಕಾಗುತ್ತದೆ.

ಬಯಲಿನಲ್ಲಿ ಬಿಸಿಲು ಸುಡುತ್ತಿರುವಾಗಲೂ ಬೆಟ್ಟದ ಮೇಲೆ ಗಾಳಿ ತಂಪಾಗಿರುತ್ತದೆ. ರಾಮಗಡದ ತಟ್ಟು ಸಮುದ್ರಮಟ್ಟದಿಂದ ಸುಮಾರು 3,200 ಅಡಿ ಎತ್ತರದಲ್ಲಿದೆ. ಬಳ್ಳಾರಿಯ ದಂಡಿನಲ್ಲಿದ್ದ ಬ್ರಿಟಿಷ್ ಸೈನಿಕರು ಬೇಸಿಗೆಯನ್ನು ತಾಳಲಾರದೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಲ್ಲಿ ಆರೋಗ್ಯಧಾಮ ಕಟ್ಟಿಕೊಂಡರು. ಮುಂಗಾರು ಮುಗಿಯುವ ಹೊತ್ತಿಗೆ ಈ ಬೆಟ್ಟಗಳ ಮೇಲೆ ಮೋಡ ಕೂತಿರುತ್ತದೆ, ಇಳಿಜಾರಿನಲ್ಲಿ ಝರಿಗಳು ಹರಿಯುತ್ತಿರುತ್ತವೆ. ಗಾಂಧೀಜಿಯವರು ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು ಹೇಳಿದ್ದರೆಂಬ ಮಾತು ಇಲ್ಲಿ ಮನೆಮನೆಯಲ್ಲೂ ಚಾಲ್ತಿಯಲ್ಲಿದೆ. ನೀವೂ ಆ ತಿಂಗಳಲ್ಲೇ ಹೋಗಿ. ಮಾತಿನ ಅರ್ಥ ಅಲ್ಲಿ ನಿಂತಾಗ ತಾನಾಗಿ ತಿಳಿಯುತ್ತದೆ.

ಈಗ ಕಲ್ಲಿನ ವಿಚಾರ. ಭೂವಿಜ್ಞಾನಿಗಳು ಇದನ್ನು ಸಂಡೂರು ಶಿಸ್ಟ್ (ಹಾಳೆಹಾಳೆಯಾಗಿ ಒಡೆಯುವ ಶಿಲೆ) ಪಟ್ಟಿ ಎಂದು ಕರೆಯುತ್ತಾರೆ. ಇದರ ಶಿಲೆಗಳ ವಯಸ್ಸು ಸುಮಾರು 270 ಕೋಟಿ ವರ್ಷ. ಆಗ ಇದು ಸಮುದ್ರದ ತಳವಾಗಿತ್ತು. ನೀರಿನಲ್ಲಿ ಕರಗಿದ್ದ ಕಬ್ಬಿಣವು, ಕಣ್ಣಿಗೆ ಕಾಣದ ಆದಿಜೀವಿಗಳು ಬಿಟ್ಟ ಆಮ್ಲಜನಕದೊಂದಿಗೆ ಕೂಡಿ, ಪದರಪದರವಾಗಿ ತಳಕ್ಕೆ ಇಳಿಯಿತು. ಅಂಥ ಜೀವಿಗಳು ಬಿಟ್ಟುಹೋದ ಗುರುತುಗಳಾದ ಸ್ಟ್ರೊಮಾಟೊಲೈಟುಗಳೂ ಈ ಪಟ್ಟಿಯಲ್ಲಿ ದೊರೆತಿವೆ. ದಾರಿಬದಿಯಲ್ಲಿ ಬಿದ್ದಿರುವ ಒಂದು ಪಟ್ಟೆಗಲ್ಲನ್ನು ಎತ್ತಿ ನೋಡಿ. ಗಾತ್ರಕ್ಕೆ ಮೀರಿದ ತೂಕ ಮೊದಲು ಅಂಗೈಗೆ ತಿಳಿಯುತ್ತದೆ. ಒಂದು ಪಟ್ಟೆ ಉಕ್ಕಿನ ಬೂದುಬಣ್ಣ, ಅದರ ಪಕ್ಕದ್ದು ಇಟ್ಟಿಗೆಯ ಕೆಂಪು, ಮತ್ತೆ ಬೂದು, ಮತ್ತೆ ಕೆಂಪು. ಕೆಲವು ಪಟ್ಟೆಗಳು ದಾರದಷ್ಟು ತೆಳು, ಕೆಲವು ಬೆರಳಿನಷ್ಟು ದಪ್ಪ. ಭೂಮಿಯ ಒತ್ತಡಕ್ಕೆ ಸಿಕ್ಕಿ ಅವು ಅಲೆಯಲೆಯಾಗಿ ಬಾಗಿರುತ್ತವೆ. ಬೂದು ಭಾಗವನ್ನು ಒರಟು ಬಿಳಿ ಹೆಂಚಿನ ಮೇಲೆ ಉಜ್ಜಿದರೆ ಬೀಳುವ ಗೆರೆ ಮಾತ್ರ ರಕ್ತಗೆಂಪು. ಹೆಮಟೈಟ್ ಎಂಬ ಕಬ್ಬಿಣದ ಅದಿರನ್ನು ಗುರುತಿಸುವ ಬಗೆಯೇ ಇದು.

ಕೋಟ್ಯಂತರ ವರ್ಷಗಳ ಮಳೆ ಈ ಪಟ್ಟೆಗಲ್ಲಿನ ಸಿಲಿಕಾವನ್ನು ತೊಳೆದುಕೊಂಡು ಹೋಗಿ ಬೆಟ್ಟದ ನೆತ್ತಿಯಲ್ಲಿ ಹೆಚ್ಚು ಸತ್ವದ ಕಬ್ಬಿಣವನ್ನು ಉಳಿಸಿದೆ. ಸಿಲಿಕಾ ಹೋದ ಜಾಗದಲ್ಲೆಲ್ಲ ಸಣ್ಣ ಸಣ್ಣ ರಂಧ್ರಗಳು ಉಳಿದವು. ಹೀಗಾಗಿ ಬೆಟ್ಟದ ಅದಿರಿನ ಮುಚ್ಚಿಗೆ ಮಳೆನೀರನ್ನು ಹೀರಿ ಹಿಡಿದಿಟ್ಟುಕೊಂಡು ನಿಧಾನವಾಗಿ ಕೆಳಗಿನ ಝರಿಗಳಿಗೆ ಬಿಡುತ್ತದೆ. ಗಣಿಯವರು ಬೆಲೆ ಕಟ್ಟುವ ಪದರವೂ ರೈತನ ಹಳ್ಳಕ್ಕೆ ನೀರು ಕೊಡುವ ಪದರವೂ ಒಂದೇ. ಸಂಡೂರಿನ ಇಂದಿನ ತಕರಾರುಗಳ ಬುಡ ಇಲ್ಲಿದೆ. ಇದನ್ನು ಗಮನಿಸದೆ ಆಡುವ ಅಭಿವೃದ್ಧಿಯ ಮಾತಿಗಾಗಲಿ ಪರಿಸರದ ಮಾತಿಗಾಗಲಿ ಪೂರ್ಣತೆ ಬರುವುದಿಲ್ಲ.

ಬೆಟ್ಟವನ್ನು ಮೊದಲು ಬೆಲೆಯುಳ್ಳದ್ದೆಂದು ಕಂಡವರು ಭಕ್ತರು. ಸ್ವಾಮಿಮಲೆಯ ಕಾಡಿನ ನಡುವೆ ಇರುವ ಪಾರ್ವತಿ ದೇವಾಲಯ ಬಾದಾಮಿ ಚಾಲುಕ್ಯರ ಕಾಲದ ಶೈಲಿಯದು. ಅದರ ಪಕ್ಕದಲ್ಲೇ ಕುಮಾರಸ್ವಾಮಿ ದೇವಾಲಯ. ಅಲ್ಲಿ ಹತ್ತನೆಯ ಶತಮಾನದ ರಾಷ್ಟ್ರಕೂಟರ ಕಾಲದ ಶಾಸನಗಳಿವೆ. ತಾರಕಾಸುರನನ್ನು ಕೊಂದ ಷಣ್ಮುಖ ಬಂದು ನೆಲೆಸಿದ ಕ್ರೌಂಚಗಿರಿ ಇದೇ ಎಂಬುದು ಸ್ಥಳಪುರಾಣ. ಕಾರ್ತಿಕ ಹುಣ್ಣಿಮೆಯಂದೇ ಕೃತ್ತಿಕಾ ನಕ್ಷತ್ರವೂ ಕೂಡಿಬರುವ ವರ್ಷ, ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ, ಇಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ. ಕರ್ನಾಟಕದವರಷ್ಟೇ ಅಲ್ಲದೆ ಮಹಾರಾಷ್ಟ್ರ, ಆಂಧ್ರಗಳ ಭಕ್ತರೂ ಬರುತ್ತಾರೆ. ಸಾವಿರ ವರ್ಷಕ್ಕೂ ಮಿಗಿಲಾಗಿ ಜನ ಕಾಡುದಾರಿ ಹತ್ತಿ ಬರುತ್ತಿರುವ ಈ ಗುಡಿಗಳ ಸುತ್ತಲ ಬೆಟ್ಟಗಳಲ್ಲೇ ಗಣಿಗಳೂ ಇವೆ. ಸ್ಫೋಟದ ಅದುರಿಗೆ ಪುರಾತನ ಕಟ್ಟಡ ಎಷ್ಟು ದಿನ ತಡೆದೀತು ಎಂಬ ಆತಂಕವನ್ನು ಊರಿನವರು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ, ಮತ್ತು ಆ ಆತಂಕ ನ್ಯಾಯವಾದದ್ದು.

ಇನ್ನು ಅರಸರ ಕಾಲಕ್ಕೆ ಬರೋಣ. ವಿಜಯನಗರದ ಪತನದ ನಂತರ ಈ ಕಣಿವೆ ಬೇಡ ಪಾಳೆಯಗಾರರ ಕೈಯಲ್ಲಿತ್ತು. 1728ರ ಸುಮಾರಿಗೆ ಮರಾಠ ಸರದಾರ ಸಿದ್ದೋಜಿರಾವ್ ಘೋರ್ಪಡೆ ಅದನ್ನು ವಶಪಡಿಸಿಕೊಂಡ. ಗುತ್ತಿಯ ಮುರಾರಿರಾವ್ ಘೋರ್ಪಡೆ ಸೋತ ಮೇಲೆ ಹೈದರಾಲಿ ಸಂಡೂರನ್ನೂ ಹಿಡಿದ. ಅವನು ಆರಂಭಿಸಿದ ಕೃಷ್ಣಾನಗರದ ಕೋಟೆಯನ್ನು ಟಿಪ್ಪು ಪೂರ್ಣಗೊಳಿಸಿದ. 1790ರಲ್ಲಿ ಘೋರ್ಪಡೆ ಮನೆತನದವರು ಟಿಪ್ಪುವಿನ ಕಾವಲುಪಡೆಯನ್ನು ಹೊರಹಾಕಿ ಮತ್ತೆ ನೆಲೆಯೂರಿದರು.

ಮುಂದೆ ನಡೆದ ಘಟನೆ ನೆಲಕ್ಕೂ ಚರಿತ್ರೆಗೂ ಇರುವ ನಂಟನ್ನು ಸ್ಪಷ್ಟವಾಗಿ ತೋರಿಸುತ್ತದೆ. ಸಂಡೂರು ತನಗೆ ಸೇರಬೇಕೆಂಬ ಹಟ ಎರಡನೆಯ ಬಾಜಿರಾಯ ಪೇಶ್ವೆಗೆ ಇತ್ತು. 1815ರಲ್ಲಿ ಅವನು ಕುಮಾರಸ್ವಾಮಿಯ ಯಾತ್ರೆಯ ನೆಪ ಹೂಡಿ ಸೈನ್ಯದೊಂದಿಗೆ ಹೊರಟುಬಂದ. ಆಗಿನ ಅರಸ ಶಿವರಾವ್ ಬೆಟ್ಟದ ದಾರಿಗಳನ್ನು ಕಟ್ಟಿಹಾಕಿದ್ದರಿಂದ ಪೇಶ್ವೆಯ ಉದ್ದೇಶ ಕೈಗೂಡಲಿಲ್ಲ. ತನ್ನಿಂದಾಗದ್ದನ್ನು ಅವನು ಬ್ರಿಟಿಷರ ಮೂಲಕ ಮಾಡಿಸಲು ಹೊರಟ. ಒಪ್ಪಂದದ ಕಟ್ಟಿಗೆ ಬಿದ್ದ ಕಂಪನಿ ಸರ್ಕಾರ ಥಾಮಸ್ ಮನ್ರೋನನ್ನು ಕಳಿಸಿತು, 1817ರಲ್ಲಿ ಸಂಡೂರು ಮನ್ರೋನ ವಶವಾಯಿತು. ಅಷ್ಟರಲ್ಲಿ ಪೇಶ್ವೆಯೇ ಬ್ರಿಟಿಷರ ಮೇಲೆ ತಿರುಗಿಬಿದ್ದ. ಅವನಿಗಾಗಿ ಗೆದ್ದ ಸೀಮೆಯನ್ನು ಅವನಿಗೆ ಕೊಡುವ ಮಾತೇ ಉಳಿಯಲಿಲ್ಲ. ಮರುವರ್ಷ ಸಂಡೂರು ಶಿವರಾವ್‌ಗೆ ಮರಳಿ ಸಿಕ್ಕಿತು. 1826ರಲ್ಲಿ ಸನದು, ಅಂದರೆ ಆಳ್ವಿಕೆಯ ಹಕ್ಕುಪತ್ರ, ದೊರೆಯಿತು. ಹೀಗೆ ಸುತ್ತಲಿನ ಬಳ್ಳಾರಿ ಸೀಮೆಯೆಲ್ಲ ಮದ್ರಾಸಿನ ನೇರ ಆಡಳಿತಕ್ಕೆ ಸೇರಿದ್ದಾಗಲೂ ನಡುವಿನ ಸುಮಾರು 160 ಚದರ ಮೈಲಿಯ ನೆಲ ಬೇರೆಯಾಗಿ ಉಳಿಯಿತು. 1901ರ ಜನಗಣತಿಯಲ್ಲಿ ಈ ಸಂಸ್ಥಾನದ ಜನಸಂಖ್ಯೆ 11 ಸಾವಿರದ ಆಸುಪಾಸಿನಲ್ಲಿತ್ತು. ಇಂದಿನ ಒಂದು ದೊಡ್ಡ ಹೋಬಳಿಯಷ್ಟೂ ಇಲ್ಲದ ಜನ, ಅವರಿಗೊಬ್ಬ ರಾಜ!

1928ರಿಂದ ವಿಲೀನದವರೆಗೆ ಆಳಿದ ಯಶವಂತರಾವ್ ಘೋರ್ಪಡೆಯವರ ಕಾಲದ ಒಂದು ನಿರ್ಧಾರವನ್ನು ನಾವು ಮರೆಯಬಾರದು. 1930ರ ದಶಕದ ಆರಂಭದಲ್ಲೇ, ಅಂದರೆ ತಿರುವಾಂಕೂರಿನ 1936ರ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆಗೂ ಮೊದಲೇ, ಸಂಸ್ಥಾನದ ದೇವಾಲಯಗಳ ಬಾಗಿಲನ್ನು ದಲಿತರಿಗೆ ತೆರೆಯಲಾಯಿತು. 1934ರಲ್ಲಿ ಹರಿಜನ ಯಾತ್ರೆಯ ಅಂಗವಾಗಿ ಗಾಂಧೀಜಿ ಸಂಡೂರಿಗೆ ಬಂದುದಕ್ಕೆ ಈ ಹಿನ್ನೆಲೆಯಿದೆ. ಇಷ್ಟು ಮುಖ್ಯವಾದ ಸಂಗತಿಗೆ ನಮ್ಮ ಶಾಲಾ ಪುಸ್ತಕಗಳಲ್ಲಿ ಒಂದು ಸಾಲಿನ ಜಾಗವಾದರೂ ಸಿಗಬೇಕಿತ್ತು.

ಸಂಸ್ಥಾನ 1949ರ ಏಪ್ರಿಲ್ 1ರಂದು ಮದ್ರಾಸ್ ಪ್ರಾಂತ್ಯದೊಳಗೆ ಸೇರಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಕನ್ನಡದ ತಾಲ್ಲೂಕುಗಳೊಂದಿಗೆ ಸಂಡೂರೂ ಮೈಸೂರಿಗೆ ಬಂತು. ಆದರೆ ಅರಸೊತ್ತಿಗೆ ಹೋಯಿತೆಂದ ಮಾತ್ರಕ್ಕೆ ಭೂಮಿಯ ಒಡೆತನ ಬದಲಾಗಲಿಲ್ಲ. ಇನಾಮು ಭೂಮಿಗಳನ್ನು ತಲೆಮಾರುಗಳಿಂದ ಉಳುತ್ತಿದ್ದವರಿಗೆ ಹಕ್ಕುಪತ್ರ ಇರಲಿಲ್ಲ. 1973ರಲ್ಲಿ ಸಮಾಜವಾದಿಗಳ ಮುಂದಾಳತ್ವದಲ್ಲಿ ನಡೆದ ಸಂಡೂರು ಭೂ ಹೋರಾಟ ಈ ಪ್ರಶ್ನೆಯನ್ನು ರಾಜ್ಯದ ಮುಂದಿಟ್ಟಿತು. ನಾಡಿನ ಬೇರೆ ಬೇರೆ ಕಡೆಯಿಂದ ಸತ್ಯಾಗ್ರಹಿಗಳು ಬಂದು ಬಂಧನಕ್ಕೊಳಗಾದರು. ಆಗ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು ಇದೇ ಮನೆತನದ ಎಂ.ವೈ. ಘೋರ್ಪಡೆಯವರು. ಮರುವರ್ಷ, 1974ರಲ್ಲಿ, ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ದೇವಾಲಯದ ಬಾಗಿಲು ತೆರೆದ ಮನೆತನವೂ ಉಳುವವರು ಎದುರಿಸಿ ನಿಂತ ಮನೆತನವೂ ಒಂದೇ. ಎರಡೂ ನಿಜ, ಒಂದನ್ನು ಹೇಳುವುದಕ್ಕಾಗಿ ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ.

ಇಲ್ಲಿ ಬದುಕುವವರು ಯಾರು? ವಾಲ್ಮೀಕಿ ನಾಯಕರು, ಅಂದರೆ ಹಿಂದೆ ಬೇಡರೆನಿಸಿಕೊಂಡಿದ್ದವರು, ಈ ಬೆಟ್ಟಗಳ ಹಳೆಯ ಒಡೆಯರು. ಸಂಡೂರು ವಿಧಾನಸಭಾ ಕ್ಷೇತ್ರ ಇಂದು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ಕುರುಬರು, ಲಿಂಗಾಯತರು, ಮಾದಿಗ ಮತ್ತು ಛಲವಾದಿ ಸಮುದಾಯದವರು, ಮುಸ್ಲಿಮರು, ಅರಸರೊಂದಿಗೆ ಬಂದ ಮರಾಠರು ಇದ್ದಾರೆ. ಪೇಟೆಯಲ್ಲಿ ಒಂದೇ ಅಂಗಡಿಯ ಮುಂದೆ ಕನ್ನಡ, ತೆಲುಗು, ಉರ್ದು, ಮರಾಠಿ, ಲಂಬಾಣಿ ಮಾತುಗಳು ಕೇಳಿಬರುತ್ತವೆ. ಇವರೆಲ್ಲರ ಬಗ್ಗೆಯೂ ಹೇಳುವುದು ಬಹಳವಿದೆಯಾದರೂ, ಇಂದು ಲಂಬಾಣಿಗರ ಬಗ್ಗೆ ಸ್ವಲ್ಪ ನಿಂತು ಮಾತಾಡುತ್ತೇನೆ, ಏಕೆಂದರೆ ಸಂಡೂರಿನ ಹೆಸರನ್ನು ಅದಿರಲ್ಲದ ಕಾರಣಕ್ಕೆ ಜಗತ್ತಿಗೆ ತಲುಪಿಸಿದವರು ಅವರ ಹೆಣ್ಣುಮಕ್ಕಳು.

ಲಂಬಾಣಿಗರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಂಡುಗಳಿಗೂ ಸಂತೆಗಳಿಗೂ ಸಾಗಿಸುತ್ತಿದ್ದವರು. ರೈಲು ಬಂದ ಮೇಲೆ ಆ ಕಸುಬು ಕುಸಿಯಿತು. ಅಲೆಮಾರಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕಾಣುವ ಬ್ರಿಟಿಷರ 1871ರ ಕಾಯ್ದೆಯ ಕಳಂಕವೂ ಅಂಟಿಕೊಂಡಿತು. ಬೆಟ್ಟದಂಚಿನಲ್ಲಿ ತಾಂಡಾ ಕಟ್ಟಿಕೊಂಡು, ಮಳೆ ನಂಬಿದ ತುಂಡುಹೊಲದಲ್ಲಿ ಜೋಳ ಬೆಳೆದು, ಸೌದೆ ಮಾರಿ, ಸುಗ್ಗಿಯ ಕಾಲಕ್ಕೆ ಕಬ್ಬು ಕಡಿಯಲೋ ಕಾಫಿ ತೋಟದ ಕೂಲಿಗೋ ದೂರದ ಜಿಲ್ಲೆಗಳಿಗೆ ಗುಳೆ ಹೋಗಿ ಅವರು ಬದುಕು ಕಟ್ಟಿಕೊಂಡರು. ಈ ಎಲ್ಲ ಅಲೆದಾಟದಲ್ಲೂ ಅವರ ಹೆಂಗಸರ ಜೊತೆಗೆ ಉಳಿದುಬಂದದ್ದು ಸೂಜಿ ಮತ್ತು ದಾರ.

ಆ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದರ ಲೆಕ್ಕಾಚಾರ ಅಚ್ಚರಿ ತರುತ್ತದೆ. ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿ ಅವರಲ್ಲಿ ಹೆಚ್ಚಾಗಿಲ್ಲ. ನೇಯ್ಗೆಯ ಎಳೆಗಳನ್ನು ಕಣ್ಣಿನಲ್ಲೇ ಎಣಿಸುತ್ತ ಸೂಜಿ ಮುಂದೆ ಸಾಗುತ್ತದೆ, ಹಾಗಿದ್ದೂ ಚೌಕಗಳು, ತ್ರಿಕೋನಗಳು ಗೆರೆ ತಪ್ಪುವುದಿಲ್ಲ. ಕನ್ನಡಿಯ ಬಿಲ್ಲೆಯನ್ನು ಅಂಟಿಸುವುದಿಲ್ಲ. ಸುತ್ತಲೂ ದಾರದ ಚೌಕಟ್ಟು ಹೆಣೆದು ಅದರೊಳಗೆ ಬಿಗಿಯುತ್ತಾರೆ. ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಪೋಟೆ, ನಕ್ರಾ ಹೀಗೆ ಹದಿನಾಲ್ಕು ಬಗೆಯ ಹೊಲಿಗೆಗಳಿವೆ. ಮೊದಲು ಇವು ಮದುವೆಯ ಫೇಟಿಯಾ (ಲಂಗ), ಕಾಂಚಳಿ (ರವಿಕೆ), ಮನೆಯ ಚೀಲ, ದಿಂಬುಗಳಿಗಾಗಿ ಮಾತ್ರ ಇದ್ದವು, ಮಾರಾಟಕ್ಕಲ್ಲ. 1984ರಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರ ಈ ಕೈಗಳಿಗೆ ಕೂಲಿಯನ್ನೂ ಮಾರುಕಟ್ಟೆಯನ್ನೂ ಒದಗಿಸಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸೇರಿ ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಗಿಂತ ಮುಖ್ಯವಾದದ್ದು, ಮನೆ ಬಿಟ್ಟು ಗುಳೆ ಹೋಗಬೇಕಾಗಿದ್ದ ಎಷ್ಟೋ ತಾಯಂದಿರು ತಾಂಡಾದಲ್ಲೇ ಉಳಿದು ಮಕ್ಕಳನ್ನು ಶಾಲೆಗೆ ಕಳಿಸಲು ಈ ಕೆಲಸ ದಾರಿಯಾದದ್ದು.

ಈಗ ಗಣಿಗೆ ಬರೋಣ. ಇಲ್ಲಿ ಅದಿರು ಅಗೆಯುವುದು ನಿನ್ನೆಮೊನ್ನೆಯ ಮಾತಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ ಬೆಲ್ಜಿಯಂ ಮೂಲದ ಕಂಪನಿಯೊಂದು ಮ್ಯಾಂಗನೀಸ್ ತೆಗೆದು ಮುರ್ಮಗೋವಾ ಬಂದರಿನ ಮೂಲಕ ಯೂರೋಪಿಗೆ ಸಾಗಿಸುತ್ತಿತ್ತು. 1954ರಲ್ಲಿ ಘೋರ್ಪಡೆ ಮನೆತನದ ಕಂಪನಿ ಸ್ಥಾಪನೆಯಾಯಿತು. 1977ರಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ದೋಣಿಮಲೈ ಗಣಿ ಆರಂಭವಾಯಿತು. ಸುಮಾರು ನೂರು ವರ್ಷ ಗಣಿಯೂ ಹೊಲವೂ ಹೇಗೋ ಒಟ್ಟಿಗೆ ಸಾಗಿದವು.

ಅಳತೆ ತಪ್ಪಿದ್ದು 2000ದ ನಂತರ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಸರ್ಕಾರಿ ಗಣಿಗಾರಿಕೆಗೆಂದು ಮೀಸಲಿಟ್ಟಿದ್ದ ವಿಶಾಲ ಪ್ರದೇಶವನ್ನು ರಾಜ್ಯ ಸರ್ಕಾರ 2003ರಲ್ಲಿ ಖಾಸಗಿಯವರಿಗೆ ತೆರೆಯಿತು. ಹಗಲೂ ರಾತ್ರಿ ಲಾರಿಗಳ ಸಾಲು, ರಸ್ತೆಯಲ್ಲಿ ಮೊಣಕಾಲುದ್ದದ ಗುಂಡಿ, ಜೋಳದ ಗರಿಯ ಮೇಲೂ ಒಣಗಲು ಹಾಕಿದ ಬಟ್ಟೆಯ ಮೇಲೂ ಕೆಂಪು ಧೂಳು. ಮಳೆಗಾಲದಲ್ಲಿ ಗಣಿಯ ತ್ಯಾಜ್ಯಮಣ್ಣು ಕೊಚ್ಚಿಬಂದು ಹಳ್ಳ ಕೆರೆಗಳಲ್ಲಿ ಹೂಳಾಗಿ ಕೂತಿತು. ಗುತ್ತಿಗೆಯ ಗಡಿ ದಾಟಿ ಅರಣ್ಯದೊಳಗೆ ಅಗೆದದ್ದು, ಪರವಾನಗಿ ಮೀರಿ ಸಾಗಿಸಿದ್ದು ಇವೆಲ್ಲವನ್ನೂ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳು ದಾಖಲಿಸಿವೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ಆದೇಶ ಬಾರದಿದ್ದರೆ ಇಂದು ನಾವು ನೋಡಲು ಎಷ್ಟು ಬೆಟ್ಟ ಉಳಿದಿರುತ್ತಿತ್ತೋ ಹೇಳಲಾರೆ. ಆದರೆ ಅದರ ನೋವನ್ನು ಉಂಡವರು ಯಾರೆಂಬುದನ್ನೂ ಹೇಳಬೇಕು. ಹೊಲ ಅಡವಿಟ್ಟು, ಸಾಲ ತೆಗೆದು ಲಾರಿ ಕೊಂಡಿದ್ದ ಹುಡುಗರು, ಬೇಸಾಯ ಬಿಟ್ಟು ಗಣಿಯ ಕೂಲಿಗೆ ಹೊಂದಿಕೊಂಡಿದ್ದ ಕುಟುಂಬಗಳು ಒಮ್ಮೆಗೇ ಕೈಬರಿದಾದವು. ಲಾಭ ಉಂಡವರು ಬೇರೆ, ದಂಡ ತೆತ್ತವರು ಬೇರೆ.

ನಂತರ ನ್ಯಾಯಾಲಯವು ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಗಂಭೀರ ಅಕ್ರಮವೆಸಗಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿ, ಉಳಿದವಕ್ಕೆ ವಾರ್ಷಿಕ ಮಿತಿ ಹಾಕಿ ಅನುಮತಿ ಕೊಟ್ಟಿತು. ಒತ್ತಡ ಮಾತ್ರ ನಿಂತಿಲ್ಲ. ದೇವದಾರಿ ಬೆಟ್ಟದಲ್ಲಿ ಸುಮಾರು 400 ಹೆಕ್ಟೇರ್ ಅರಣ್ಯವನ್ನು ಗಣಿಗೆ ಕೊಡುವ ಪ್ರಸ್ತಾವ 2024ರಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಅಲ್ಲಿ ಕಡಿಯಬೇಕಾಗುವ ಮರಗಳ ಲೆಕ್ಕ 99 ಸಾವಿರಕ್ಕೂ ಹೆಚ್ಚು. ಮರ ನೆಟ್ಟು ತುಂಬಿಕೊಡುತ್ತೇವೆಂದರೂ ಆ ಬೆಟ್ಟದ ನೆತ್ತಿಯ ನೀರು ಹಿಡಿಯುವ ಪದರವನ್ನು ನೆಟ್ಟುಕೊಡಲು ಯಾರಿಂದಲೂ ಆಗದು. ನನ್ನ ವಿರೋಧಕ್ಕೆ ಮುಖ್ಯ ಕಾರಣ ಇದೇ.

ಗಣಿ ಕಂಪನಿಗಳಿಂದ ವಸೂಲಾದ ಸಾವಿರಾರು ಕೋಟಿ ರೂಪಾಯಿ, ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದೇ ರಚಿತವಾದ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ಬಳಿ ಇದೆ. ಅದನ್ನು ಯಾವುದಕ್ಕೆ ಮೊದಲು ಖರ್ಚು ಮಾಡಬೇಕೆಂದು ಈ ಸಭೆಯಲ್ಲಿರುವ ಯುವಕರು ಕೇಳುತ್ತಿದ್ದೀರಿ. ಅಗಲವಾದ ರಸ್ತೆಗೂ ಹೊಸ ಕಟ್ಟಡಕ್ಕೂ ಕೇಳುವವರು ಬೇಕಾದಷ್ಟಿದ್ದಾರೆ. ನನ್ನ ಪಟ್ಟಿಯಲ್ಲಿ ಮೊದಲು ಬರುವುದು ತ್ಯಾಜ್ಯಮಣ್ಣಿನ ಗುಡ್ಡೆಗಳ ಕೆಳಗೆ ತಡೆಗೋಡೆ ಮತ್ತು ಹೂಳುಗುಂಡಿ, ಏಕೆಂದರೆ ಮೇಲಿನ ಮಣ್ಣು ನಿಲ್ಲದೆ ಕೆಳಗಿನ ಕೆರೆಯ ಹೂಳು ತೆಗೆಯುವುದು ವ್ಯರ್ಥ ಖರ್ಚು. ಅದು ಮುಗಿದ ಮೇಲೆ ಕಣಿವೆಯ ಕೆರೆಗಳು, ತಾರಾನಗರದ ನಾರಿಹಳ್ಳ ಜಲಾಶಯ, ಕೆಳಗೆ ದರೋಜಿ ಕೆರೆಯವರೆಗಿನ ಹಳ್ಳದ ಪಾತ್ರ. ಇದರ ಜೊತೆಜೊತೆಗೇ ಧೂಳು ಕುಡಿದ ಊರುಗಳಲ್ಲಿ ಶ್ವಾಸಕೋಶದ ತಪಾಸಣೆ, ತಾಂಡಾಗಳಿಗೆ ಬಾರಾಮಾಸ ಕುಡಿಯುವ ನೀರು. ಮುಂದಿನ ಗ್ರಾಮಸಭೆಗೆ ಹೋಗುವಾಗ ನಿಮ್ಮ ಊರಿನ ಮೇಲಿನ ಬೆಟ್ಟದಲ್ಲಿ ಯಾವ ಝರಿ ಎಷ್ಟು ತಿಂಗಳು ಹರಿಯುತ್ತಿತ್ತು, ಈಗ ಎಷ್ಟು ತಿಂಗಳು ಹರಿಯುತ್ತದೆ ಎಂಬುದನ್ನು ಹಿರಿಯರಿಂದ ಕೇಳಿ ಬರೆದುಕೊಂಡು ಹೋಗಿ, ಅದನ್ನು ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ.